ತೂಕಡಿಕೆ ಕಳೆದು ಉಳಿದ ಗಂಟೆಗಳು

ತರಗತಿಯಲ್ಲಿ ತಾವು ತೂಕಡಿಸಿದ ಹೊತ್ತನ್ನು ತಾವೇ ಲೆಕ್ಕ ಹಾಕಿ, ತಮ್ಮ ಕಲಿಕೆಯ ಗಂಟೆಗಳಿಂದ ತಾವೇ ಕಳೆದುಹಾಕುವ ಮನುಷ್ಯರು ಈ ಭೂಮಿಯ ಮೇಲೆ ಎಷ್ಟು ಮಂದಿ ಇದ್ದಾರೋ ನಾನರಿಯೆ. ನಾನು ಕಂಡದ್ದು ಒಬ್ಬರನ್ನು ಮಾತ್ರ. ಅವರು ಆರ್ಲನ್ ಟ್ವೇಟನ್, ಅಯೋವಾ ರಾಜ್ಯದ ಈಶಾನ್ಯ ಮೂಲೆಯಲ್ಲಿರುವ ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಸೇತುವೆಗಳ ಇಂಜಿನಿಯರು. ಮಧ್ಯಾಹ್ನದ ಊಟದ ಜೊತೆಗೇ ನಡೆಯುವ ನಮ್ಮ ತರಗತಿಗಳಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಹೊಟ್ಟೆಗಿಳಿದು, ನಿಂಬೆಯ ಸಿಹಿ ಬಿಲ್ಲೆಗಳ ತಟ್ಟೆ ಒಂದು ಸುತ್ತು ಬಂದು, ದೀಪ ಆರಿಸಿ ಪರದೆಯ ಮೇಲೆ ಚಿತ್ರ ಬಿಟ್ಟರೆ ಅರ್ಧಕ್ಕರ್ಧ ಜನ ತೂಕಡಿಸುತ್ತಾರೆ. ಅದರಲ್ಲಿ ವಿಶೇಷವೇನೂ ಇಲ್ಲ. ಆದರೆ ಎಚ್ಚರವಾದೊಡನೆ ಉಳಿದವರು ಗಂಟಲು ಸರಿಮಾಡಿಕೊಂಡು, ಎಲ್ಲ ಅರ್ಥವಾದವರ ಹಾಗೆ ಗಂಭೀರವಾಗಿ ತಲೆಯಾಡಿಸಿದರೆ, ಆರ್ಲನ್ನರು ಗೋಡೆಯ ಗಡಿಯಾರ ನೋಡಿ, ಪಕ್ಕದವನ ತೋಳು ಮುಟ್ಟಿ, "ನಾನು ಯಾವ ಚಿತ್ರದ ಹತ್ತಿರ ನಿದ್ದೆ ಹೋದೆ?" ಎಂದು ಪಿಸುಗುಟ್ಟುತ್ತಿದ್ದರು. ಪಕ್ಕದವನು ಹೆಚ್ಚಾಗಿ ನಾನೇ. ನಾನು ಹೇಳಿದಷ್ಟನ್ನು ಕಳೆದು ಉಳಿದದ್ದನ್ನು, ತರಗತಿ ಮುಗಿದ ಮೇಲೆ ಕೊಡುವ ಪ್ರಮಾಣಪತ್ರದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದರು.

ನಮ್ಮಲ್ಲಿ ನಕ್ಷೆಯ ಮೇಲೆ ಮುದ್ರೆ ಒತ್ತುವ ಅಧಿಕಾರ ಪರವಾನಗಿ ಪಡೆದ ಇಂಜಿನಿಯರಿಗೆ ಮಾತ್ರ. ಆ ಪರವಾನಗಿ ಎರಡು ವರ್ಷಕ್ಕೊಮ್ಮೆ ಡಿಸೆಂಬರಿನ ಕೊನೆಯ ದಿನ ಮುಗಿಯುತ್ತದೆ. ಮುಂದುವರಿಯಬೇಕಾದರೆ ಆ ಅವಧಿಯೊಳಗೆ ಮೂವತ್ತು ಗಂಟೆ ಪಾಠ ಕೇಳಿರಬೇಕು. ಐವತ್ತು ನಿಮಿಷಕ್ಕೆ ಒಂದು ಗಂಟೆ ಎಂಬ ಔದಾರ್ಯವೂ ನಿಯಮದಲ್ಲೇ ಇದೆ. ಎಷ್ಟು ಕೇಳಿದೆ ಎಂದು ತಾನೇ ಹೇಳಿ ಸಹಿ ಹಾಕಿದರೆ ಪರವಾನಗಿ ಕೊಡುವ ಮಂಡಳಿಯವರು ನಂಬುತ್ತಾರೆ. ಅಪರೂಪಕ್ಕೆ ಯಾರನ್ನೋ ಹಿಡಿದು ಪ್ರಮಾಣಪತ್ರ ತೋರಿಸು ಎನ್ನುವುದುಂಟು. ಆದರೆ ಕೂತವನು ಎಚ್ಚರವಾಗಿದ್ದನೋ ಇಲ್ಲವೋ ಎಂದು ಕೇಳಿದ ಮಂಡಳಿಯನ್ನು ನಾನಂತೂ ಕಾಣೆ. ಬಹುಪಾಲು ಜನ ಇದನ್ನು ಕಾಟಾಚಾರಕ್ಕೆ ಮುಗಿಸುತ್ತಾರೆ, ಹಾಜರಿ ಹಾಕಿ ಸ್ಯಾಂಡ್‌ವಿಚ್ ಕೈಯಲ್ಲಿ ಹಿಡಿದು ಹಿಂಬಾಗಿಲಿನಿಂದ ಜಾಗ ಖಾಲಿ ಮಾಡುವ ಪ್ರತಿಭಾವಂತರೂ ಇದ್ದಾರೆ.

ಆರ್ಲನ್ನರು ಎತ್ತರದ ಆಳು, ತೆಳ್ಳಗೆ, ಸ್ವಲ್ಪ ಮುಂದಕ್ಕೆ ಬಾಗಿದ ನಡಿಗೆ. ಜೀವನವಿಡೀ ಸೇತುವೆಗಳ ಅಡಿಯಲ್ಲಿ ತಲೆ ತಗ್ಗಿಸಿ ನಡೆದವರಿಗೆ ಬಯಲಿನಲ್ಲೂ ಆ ಬಾಗು ಹೋಗುವುದಿಲ್ಲವೆಂದು ತೋರುತ್ತದೆ. ಕಂದು ಕ್ಯಾನ್ವಾಸಿನ ಒಂದು ಕೋಟು ಅವರಿಗೆ ಎಲ್ಲ ಋತುವಿಗೂ ಆಗುತ್ತಿತ್ತು. ಅದರ ಬಲಗಡೆಯ ಜೇಬಿನಲ್ಲಿ ಸದಾ ಒಂದು ಸಣ್ಣ ಸುತ್ತಿಗೆ. ಸುತ್ತಿಗೆಯ ಭಾರಕ್ಕೆ ಜೇಬು ಹರಿದು, ಹೊಲಿಸಿ, ಮತ್ತೆ ಹರಿದು, ಕೊನೆಗೆ ಚರ್ಮದ ತೇಪೆ ಹಾಕಿಸಿದ್ದರು. ಕಾಂಕ್ರೀಟನ್ನು ಆ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ಒಳಗೆ ಗಟ್ಟಿಯೋ ಪೊಳ್ಳೋ ಎಂದು ತಿಳಿಯುವುದು ಅವರ ಕೆಲಸ, ಅದೇ ಅವರ ವ್ಯಸನ. ಒಮ್ಮೆ ಸ್ನೇಹಿತರೊಬ್ಬರ ಶವಯಾತ್ರೆಯ ಕಾರುಗಳ ಸಾಲಿನಲ್ಲಿ ಹೋಗುತ್ತಿದ್ದಾಗ ಸೇತುವೆಯೊಂದರ ಜೋಡಣೆಯಲ್ಲಿ ಏನೋ ಸದ್ದು ಕೇಳಿಸಿತಂತೆ. ಅಲ್ಲೇ ಗಾಡಿ ನಿಲ್ಲಿಸಿ ಇಳಿದುಬಿಟ್ಟರು. ಹಿಂದಿನ ಕಾರುಗಳೆಲ್ಲ ನಿಂತವು, ಶವದ ಗಾಡಿಯೊಂದೇ ಸ್ಮಶಾನ ತಲುಪಿ ಕಾಯುತ್ತ ನಿಂತಿತು. ಜನ ಬೈದರೆ, "ಅವನಿಗೇನು ಅವಸರ ಇತ್ತು?" ಎಂದರು.

ಅವರ ಬಾಯಲ್ಲಿ ಹೊಗಳಿಕೆ, ತೆಗಳಿಕೆ, ಸಂತೋಷ, ಸಂಕಟ ಎಲ್ಲಕ್ಕೂ ಒಂದೇ ಮಾತು: ಪರವಾಗಿಲ್ಲ. ಹೊಸ ಸೇತುವೆ ಹೇಗಿದೆ? ಪರವಾಗಿಲ್ಲ. ಮಂಡಿ ನೋವು? ಪರವಾಗಿಲ್ಲ. ನಮ್ಮ ಕಡೆಯ ನಾರ್ವೆ ಮೂಲದ ಮುದುಕರೆಲ್ಲ ಹೀಗೆಯೇ, ಒಂದು ಮಾತು ಹೆಚ್ಚಾಡಿದರೆ ಗಂಟು ಕರಗೀತೆಂಬ ಹಾಗೆ. ಆದರೂ ಆರ್ಲನ್ನರ 'ಪರವಾಗಿಲ್ಲ'ಗಳಲ್ಲಿ ಹತ್ತಾರು ಬಗೆಯಿದ್ದವು, ಹುಬ್ಬು ಏರುವುದನ್ನು ನೋಡಿ ನಾವು ಅರ್ಥ ಮಾಡಿಕೊಳ್ಳಬೇಕಾಗಿತ್ತು. ನಾನು ಅದೇ ಕಚೇರಿಯಲ್ಲಿ ನಕ್ಷೆ ಬಿಡಿಸುತ್ತಿದ್ದವನು. ಅವರ ಹುಬ್ಬು ಓದುವುದರಲ್ಲೇ ನನ್ನ ಪ್ರಾಯ ಕಳೆಯಿತು.

ಮೋರಿ ಕೊಳವೆ ಮಾರುವ ವೆಂಡೆಲ್ ಪ್ರೊಹಾಸ್ಕಾ ಎಂಬವನು ವರ್ಷಕ್ಕೆ ಒಂದೆರಡು ಬಾರಿ ಬಂದು ಪಾಠ ಹೇಳುತ್ತಿದ್ದ. ಸ್ಯಾಂಡ್‌ವಿಚ್ಚಿನ ಖರ್ಚು ಅವನ ಕಂಪನಿಯದು. ಒಳ್ಳೆಯ ಮನುಷ್ಯ, ಆದರೆ ಪರದೆಗೆ ಮುಖ, ಕೇಳುವವರಿಗೆ ಬೆನ್ನು; ದನಿಯೋ, ಹಸುಗೂಸಿಗೆ ಜೋಗುಳ ಹಾಡಿದ ಹಾಗೆ. ಒಂದು ವಸಂತದಲ್ಲಿ ಮೀನು ಹಿಡಿಯಲು ಹವೆ ಬಲು ಚೆನ್ನಾಗಿತ್ತು; ಅವನು ತಿರುಗಿ ನೋಡುವಷ್ಟರಲ್ಲಿ ಕೋಣೆಯಲ್ಲಿ ಉಳಿದವರು ಆರ್ಲನ್ನರು ಮತ್ತು ನಾನು. ಪಾಪ, ಅವನ ಮುಖ ಸಣ್ಣದಾಯಿತು. "ನಿಲ್ಲಿಸಿಬಿಡ್ಲಾ?" ಎಂದ.

"ಯಾಕೆ? ನಾನಿದ್ದೀನಲ್ಲ, ಹೇಳಪ್ಪ," ಎಂದರು ಆರ್ಲನ್ನರು. ಕೊಳವೆಯ ತುಕ್ಕಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿದರು. ಪ್ರೊಹಾಸ್ಕಾ ಹಿಗ್ಗಿ ಹೀರೇಕಾಯಿಯಾಗಿ ಹತ್ತು ಚಿತ್ರ ಹಿಂದಕ್ಕೆ ಹೋಗಿ ಉತ್ತರ ಹೇಳಿದ. ಉತ್ತರದ ನಡುವೆಯೇ ಇವರು ಗೊರಕೆ ಹೊಡೆದದ್ದು ಬೇರೆ ಮಾತು.

ಮೊದಲು ಅವರು ಹೀಗೆ ತೂಕಡಿಸುವವರಾಗಿರಲಿಲ್ಲ. ಅವರ ಹೆಂಡತಿ ಲಾವೋನ್ ಊರಿನ ಪ್ರಾಥಮಿಕ ಶಾಲೆಯಲ್ಲಿ ಒಂದು ತಲೆಮಾರಿಗೆ ಮಗ್ಗಿ ಕಲಿಸಿದವರು, ಬಲು ಖಡಕ್ಕು. ನಿವೃತ್ತರಾಗಿ ಕೆಲವು ವರ್ಷಗಳಲ್ಲಿ ಆಕೆಗೆ ಮರೆವಿನ ಕಾಯಿಲೆ ಹಿಡಿಯಿತು. ಮೊದಲು ಒಲೆ ಆರಿಸುವುದು ಮರೆಯಿತು, ಆಮೇಲೆ ಚರ್ಚಿನ ದಾರಿ, ಆಮೇಲೆ ಗಂಡನ ಹೆಸರು. ರಾತ್ರಿಯಾದರೆ ಎದ್ದು, ಶಾಲೆಗೆ ಹೊತ್ತಾಯಿತೆಂದು ಬಾಗಿಲು ತೆರೆಯುತ್ತಿದ್ದರು. ಹೊರಗೆ ನೆಲ ಕಾಣದಷ್ಟು ಹಿಮ. ಆರ್ಲನ್ನರು ಬೆಳಗಿನವರೆಗೂ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಹಗಲು ಹೊತ್ತಿನಲ್ಲಿ ನೆರೆಯ ಹೆಂಗಸೊಬ್ಬರು ಆಕೆಯನ್ನು ನೋಡಿಕೊಳ್ಳಲು ಬರುತ್ತಿದ್ದರು. ಆಗ ಇವರು ಕಚೇರಿಗೆ ಬರುತ್ತಿದ್ದರು. ಹೇಗಿದ್ದಾರೆ ಎಂದು ಕೇಳಿದರೆ "ಪರವಾಗಿಲ್ಲ" ಎನ್ನುವಾಗ ಹುಬ್ಬು ಏರುತ್ತಲೇ ಇರಲಿಲ್ಲ. ಅದನ್ನು ಓದುವುದು ನನಗೆ ಕಷ್ಟವಾಗುತ್ತಿತ್ತು.

ಕೌಂಟಿಯ ಮುಖ್ಯ ಇಂಜಿನಿಯರ್ ಜೋಲೀನ್ ಕ್ಲೋಸ್ಟರ್‌ಮನ್, ಆರ್ಲನ್ನರ ಕೈಕೆಳಗೆ ಕೆಲಸ ಕಲಿತು ಅವರ ಮೇಲಿನ ಕುರ್ಚಿಗೆ ಏರಿದವಳು. ಆ ವರ್ಷ ಮಿಲ್ ಕ್ರೀಕ್ ಹಳ್ಳದ ಹೊಸ ಸೇತುವೆಯ ನಕ್ಷೆಯನ್ನು ಆರ್ಲನ್ನರೇ ತಯಾರಿಸಿದ್ದರು. ಹಳೆಯ ಸೇತುವೆ ಎಷ್ಟು ಬಡವಾಗಿತ್ತೆಂದರೆ, ಶಾಲೆಯ ಬಸ್ಸು ಅದರ ಮುಂದೆ ನಿಂತು ಮಕ್ಕಳನ್ನು ಇಳಿಸುತ್ತಿತ್ತು. ಮಕ್ಕಳು ಗಾಳಿಯಲ್ಲಿ ನಡೆದು ದಾಟುತ್ತಿದ್ದರು, ಖಾಲಿ ಬಸ್ಸು ಹಿಂದಿನಿಂದ ಮೆಲ್ಲಗೆ ಬಂದು ಆಚೆ ದಡದಲ್ಲಿ ಅವರನ್ನು ಮತ್ತೆ ಹತ್ತಿಸಿಕೊಳ್ಳುತ್ತಿತ್ತು. ರಾಜ್ಯದವರ ಪರಿಶೀಲನೆ ಮುಗಿದು ನಕ್ಷೆ ಹಿಂದಿರುಗುವುದು ಜನವರಿಯಲ್ಲಿ, ಆಗ ಆರ್ಲನ್ನರ ಮುದ್ರೆ ಬೀಳಬೇಕು, ಫೆಬ್ರುವರಿಯಲ್ಲಿ ಟೆಂಡರು. ಡಿಸೆಂಬರಿಗೆ ಅವರ ಪರವಾನಗಿ ಮುಗಿಯುತ್ತಿತ್ತು. ಕ್ರಿಸ್‌ಮಸ್ಸಿಗೆ ಎರಡು ವಾರವಿರುವಾಗ ಅವರು ಜೋಲೀನಳ ಕೋಣೆಗೆ ಬಂದು, ಟೋಪಿ ಕೈಯಲ್ಲಿ ಹಿಡಿದು, ತಮಗೆ ಒಂದು ಗಂಟೆ ಕಡಿಮೆ ಬೀಳುತ್ತಿದೆ ಎಂದರು.

ಜೋಲೀನ್ ಪ್ರಮಾಣಪತ್ರಗಳನ್ನು ತಿರುವಿ ನೋಡಿದಳು. "ಎಲ್ಲಿ ಕಡಿಮೆ? ಮೂವತ್ತು ದಾಟಿದೆಯಲ್ಲ."

"ಅಂಚಲ್ಲಿ ಪೆನ್ಸಿಲಲ್ಲಿ ಬರೆದಿರೋದು ನೋಡಮ್ಮ."

ನೋಡಿದಳು. ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವರೇ! ಆರ್ಲನ್, ನೀವು ಕಣ್ಣು ಮುಚ್ಚಿದ್ದು ನಿದ್ದೇನೇ ಅಂತ ಯಾರು ಹೇಳಿದ್ದು? ಯೋಚನೆ ಮಾಡ್ತಿದ್ರೇನೋ."

"ಗೊರಕೆ ಕೇಳಿಸ್ತು ಅಂತ ಪ್ರೊಹಾಸ್ಕಾನೇ ಹೇಳಿದ."

"ಅವನ ಪಾಠಕ್ಕೆ ಎಚ್ಚರವಾಗಿ ಕೂತವರು ಯಾರಿದ್ದಾರೆ ಹೇಳಿ! ನಾನೂ ನಿದ್ದೆ ಮಾಡಿದ್ದೀನಿ. ಆ ಗಂಟೆಗಳನ್ನೂ ಸೇರಿಸೇ ಲೆಕ್ಕ ಕೊಟ್ಟಿದ್ದೀನಿ."

"ಅದು ನಿನ್ನ ಸಹಿ. ಇದು ನನ್ನದು."

ನಾನು ಅದೇ ಕೋಣೆಯ ಮೂಲೆಯಲ್ಲಿ ನಕ್ಷೆ ಸುತ್ತುತ್ತ ನಿಂತಿದ್ದೆ. ಜೋಲೀನಳಿಗೆ ನಿಜಕ್ಕೂ ಕೋಪ ಬಂತು. ಇವರ ಕೈಯಿಂದ ಹೊರಟ ನಕ್ಷೆಗೆ ಅವಳು ಸುಮ್ಮನೆ ತನ್ನ ಮುದ್ರೆ ಒತ್ತುವಂತಿರಲಿಲ್ಲ. ಲೆಕ್ಕವನ್ನೆಲ್ಲ ಬುಡದಿಂದ ತಾನೇ ಮಾಡಬೇಕು, ಅಷ್ಟರಲ್ಲಿ ಟೆಂಡರಿನ ಕಾಲ ಮೀರುತ್ತದೆ, ಸೇತುವೆ ಒಂದು ವರ್ಷ ಹಿಂದೆ ಬೀಳುತ್ತದೆ. "ನಿಮ್ಮ ಈ ಹಟಕ್ಕೆ ಆ ಮಕ್ಕಳು ಇನ್ನೊಂದು ಚಳಿಗಾಲ ನಡೀಬೇಕಾ? ಹೇಳಿ, ಆ ಮಕ್ಕಳು ನಿಮಗೇನು ಮಾಡಿದ್ವು?" ಎಂದಳು.

ಆ ಮಾತು ಅವರಿಗೆ ನಾಟಿತು. ಟೋಪಿಯ ಅಂಚು ತಿರುಗಿಸಿದರು. ಆಮೇಲೆ ಹೇಳಿದರು: "ಮಕ್ಕಳು ಓಡಾಡೋ ಸೇತುವೆ ಅಂತಾನೇ ಹೇಳ್ತಿದ್ದೀನಿ, ಜೋಲೀನ್. ಸುಳ್ಳು ಹೇಳಿ ಉಳಿಸಿಕೊಂಡ ಮುದ್ರೇನ ಅದರ ಮೇಲೆ ಒತ್ತೋಕೆ ನನಗೆ ಕೈ ಬರಲ್ಲ."

ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಕಂಪ್ಯೂಟರಿನಲ್ಲಿ ಕೂತಲ್ಲೇ ಕೇಳುವ ಪಾಠಗಳಿವೆಯಲ್ಲ ಎಂದೆವು. ಸರಿ, ಅದನ್ನೂ ಹಚ್ಚಿಕೊಂಡರು. ಒಂದೇ ಪಾಠವನ್ನು ಮತ್ತೆ ಮತ್ತೆ ಹಾಕಿಕೊಂಡು, ಪ್ರತಿ ಸಲವೂ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಮೇಜಿನ ಮೇಲೆ ತಲೆಯಿಟ್ಟರು. ಎದ್ದಾಗ ಕೆನ್ನೆಯ ಮೇಲೆ ಕೀಲಿಗಳ ಅಚ್ಚು, ಪರದೆಯ ಮೇಲೆ ಪಾಠ ಮುಗಿಸಿದ್ದಕ್ಕೆ ಅಭಿನಂದನೆ. ಆ ಅಭಿನಂದನೆ ನೋಡಿ ಅವರಿಗೆ ಆದಷ್ಟು ಅವಮಾನ ಬೈಗುಳದಿಂದಲೂ ಆಗಿರಲಾರದು. "ನನ್ನ ಕೈಲಿ ಆಗಲ್ಲ ಅಂತ ಕಾಣುತ್ತೆ," ಎಂದರು ನನ್ನ ಹತ್ತಿರ. ಇಷ್ಟು ವರ್ಷಗಳಲ್ಲಿ ತಮ್ಮ ಕಷ್ಟವನ್ನು 'ಪರವಾಗಿಲ್ಲ' ಎನ್ನದೆ ಅವರು ಹೇಳಿಕೊಂಡದ್ದು ಅದೊಂದೇ ಸಲ.

ಕೊನೆಗೆ ಜೋಲೀನಳೇ ಪ್ರೊಹಾಸ್ಕಾನಿಗೆ ಫೋನು ಮಾಡಿದಳು. ಕ್ರಿಸ್‌ಮಸ್ ಮುಗಿದು ಹೊಸ ವರ್ಷ ಹುಟ್ಟುವ ನಡುವಿನ ಆ ಸತ್ತ ವಾರದಲ್ಲಿ ಯಾವ ಮಾರಾಟಗಾರನೂ ಮನೆ ಬಿಟ್ಟು ಹೊರಡುವುದಿಲ್ಲ. ಇವನು, "ಆರ್ಲನ್‌ಗೆ ಅಂದ್ರೆ ಬಂದೇ ಬರ್ತೀನಿ," ಎಂದ. ಪಾಠದ ವಿಷಯ, ಪ್ರವಾಹದ ಹೊತ್ತಿನಲ್ಲಿ ಸೇತುವೆಯ ಕಾಲಿನ ಬುಡ ಕೊರೆದುಹೋಗುವ ಬಗೆ. ರಸ್ತೆ ಇಲಾಖೆಯ ಗ್ಯಾರೇಜಿನ ಸಭಾಕೋಣೆಯಲ್ಲಿ ಎಂದು ನಿಗದಿಯಾಯಿತು. ಆ ದಿನ ಬೆಳಿಗ್ಗೆ ಹಿಮ ಎಡೆಬಿಡದೆ ಸುರಿಯಿತು. ನಾನು ನನ್ನ ಟ್ರಕ್ಕಿನಲ್ಲಿ ಆರ್ಲನ್ನರನ್ನು ಕರೆದೊಯ್ಯಲು ಹೋದರೆ, ನೆರೆಯ ಹೆಂಗಸು ಬಂದಿಲ್ಲ, ಲಾವೋನರನ್ನು ಬಿಟ್ಟು ಹೋಗುವಂತಿಲ್ಲ. ಇವರು ಕೋಟು ಹಾಕಿಕೊಂಡು ಬಾಗಿಲಲ್ಲಿ ದಿಕ್ಕು ತೋಚದೆ ನಿಂತಿದ್ದಾರೆ.

"ಅವರನ್ನೂ ಕರ್ಕೊಂಡೇ ಹೋಗೋಣ," ಎಂದೆ.

"ಎಲ್ಲಿಗೆ?" ಎಂದು ಲಾವೋನ್ ಒಳಗಿನಿಂದ ಕೇಳಿದರು.

"ತರಗತಿಗೆ," ಎಂದರು ಆರ್ಲನ್ನರು.

ಆಕೆ ಕೂಡಲೇ ಎದ್ದು, ನೀಲಿ ಕೋಟು ಹಾಕಿ, ಗುಂಡಿಗಳನ್ನು ಕತ್ತಿನವರೆಗೂ ತಾವೇ ಹಾಕಿಕೊಂಡರು.

ಕೋಣೆಯಲ್ಲಿ ಏಳೆಂಟು ಜನ ಇದ್ದೆವು. ದೀಪ ಆರಿತು, ಪ್ರೊಹಾಸ್ಕಾ ಪರದೆಗೆ ಮುಖ ಮಾಡಿ ಜೋಗುಳ ಶುರು ಮಾಡಿದ. ಆರ್ಲನ್ನರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು, ತೊಡೆ ಚಿವುಟಿಕೊಂಡರು, ಕಪ್ಪು ಕಾಫಿ ಕುಡಿದರು. ಏನು ಮಾಡಿದರೇನು? ಹಿಂದಿನ ಇರುಳುಗಳ ನಿದ್ದೆಯೆಲ್ಲ ಸಾಲುಗಟ್ಟಿ ಬಂದು ಕತ್ತಿನ ಮೇಲೆ ಕೂತಿತ್ತು. ಗಲ್ಲ ಎದೆಗೆ ಇಳಿಯತೊಡಗಿತು. ಜೋಲೀನ್ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ಅವರನ್ನು ಅಲುಗಿಸಲು ನಾನು ಕೈ ಚಾಚುವಷ್ಟರಲ್ಲಿ ಮೇಜಿನ ಮೇಲೆ ಟಕ್ ಟಕ್ ಎಂದು ಗೆಣ್ಣಿನ ಪೆಟ್ಟು ಬಿತ್ತು.

"ಏ ಹುಡುಗ! ನೆಟ್ಟಗೆ ಕೂತ್ಕೋ."

ಲಾವೋನ್! ಆರ್ಲನ್ನರು ಬೆಚ್ಚಿ ನೆಟ್ಟಗಾದರು. ಅವರೊಬ್ಬರೇ ಏನು, ಇಡೀ ಕೋಣೆಯೇ ನೆಟ್ಟಗಾಯಿತು. ಚಿಕ್ಕಂದಿನಲ್ಲಿ ಆಕೆಯ ಬಳಿಯೇ ಮಗ್ಗಿ ಕಲಿತ ಜೋಲೀನ್ ಎರಡೂ ಕೈ ಮೇಜಿನ ಮೇಲೆ ಜೋಡಿಸಿಟ್ಟುಕೊಂಡಳು. ಆಕೆ ಅಷ್ಟಕ್ಕೇ ಬಿಡಲಿಲ್ಲ. "ನೀನು ಗೋಡೆಗೆ ಪಾಠ ಹೇಳ್ತಿದ್ದೀಯೋ, ಮಕ್ಕಳಿಗೋ? ಈ ಕಡೆ ತಿರುಗು. ಜೋರಾಗಿ ಹೇಳಪ್ಪ," ಎಂದರು. ಪ್ರೊಹಾಸ್ಕಾ ತಿರುಗಿದ. ತಿರುಗಿ, ಬೆವರುತ್ತ, ದನಿ ಎತ್ತಿ, ನಾನು ಕಂಡಂತೆ ಅವನ ಜೀವನದ ಅತ್ಯುತ್ತಮ ಪಾಠವನ್ನು ಹೇಳಿದ. ಹಿಂಬಾಗಿಲಿನ ಕಡೆ ಒಬ್ಬನೂ ಸರಿಯಲಿಲ್ಲ. ಗಲ್ಲ ಇಳಿದಾಗಲೆಲ್ಲ ಗೆಣ್ಣು ಟಕ್ಕೆನ್ನುತ್ತಿತ್ತು, "ನೋಡು, ನಿನಗೇ ಹೇಳ್ತಿರೋದು" ಎಂಬ ಗದರಿಕೆ ಬರುತ್ತಿತ್ತು. ಆರ್ಲನ್ನರು "ಆಯ್ತು ಮೇಡಂ" ಎನ್ನುತ್ತಿದ್ದರು. ಐವತ್ತು ನಿಮಿಷ ತುಂಬಿತು. ಪ್ರಮಾಣಪತ್ರ ಕೈಗೆ ಬಂದಾಗ ಅವರು ಪೆನ್ಸಿಲ್ ತೆಗೆಯಲಿಲ್ಲ. ಜೋಲೀನಳ ಕಡೆ ತಿರುಗಿ "ಪೂರ್ತಿ," ಎಂದರು. ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು.

ಹಿಂದಿರುಗುವಾಗ ಹಿಮ ನಿಂತಿತ್ತು. ನಾನು ಗಾಡಿ ಬಿಡುತ್ತಿದ್ದೆ, ಪಕ್ಕದಲ್ಲಿ ಲಾವೋನ್, ಕಿಟಕಿಯ ಕಡೆ ಆರ್ಲನ್ನರು. ಊರಿನ ತಿರುವು ದಾಟಿದ ಮೇಲೆ ಆಕೆ ಅವರ ಕಡೆ ಮುಖ ತಿರುಗಿಸಿ, ಗಂಡನೆಂಬ ಗುರುತಿನ ಒಂದು ಎಳೆಯೂ ಇಲ್ಲದ, ಆದರೆ ಎಂಥದೋ ಅಕ್ಕರೆಯ ದನಿಯಲ್ಲಿ, "ಸರಿ, ಇವತ್ತು ಏನು ಕಲಿತೆ? ಹೇಳು," ಎಂದರು.

ಆರ್ಲನ್ನರು ಗಂಟಲು ಸರಿಮಾಡಿಕೊಂಡರು. "ನೀರು ಉಕ್ಕಿ ಹರಿಯೋವಾಗ ಸೇತುವೆ ಕಾಲಿನ ಬುಡದಲ್ಲಿ ಗುಂಡಿ ಬೀಳುತ್ತೆ ಮೇಡಂ. ನೀರು ಇಳಿಯೋವಾಗ ಸಡಿಲ ಮರಳು ಬಂದು ಅದೇ ಗುಂಡೀನ ತುಂಬುತ್ತೆ. ಆಮೇಲೆ ಹೋಗಿ ನೋಡಿದ್ರೆ ಎಲ್ಲ ಮೊದಲಿನ ಹಾಗೇ ಕಾಣುತ್ತೆ."

"ಅದು ಇವತ್ತು ಕಲಿತದ್ದಾ, ಮೊದಲೇ ಗೊತ್ತಿತ್ತಾ?"

"ಮೊದಲೇ ಗೊತ್ತಿತ್ತು."

"ನಾನು ಕೇಳಿದ್ದು ಇವತ್ತು ಏನು ಕಲಿತೆ ಅಂತ."

ನಾನು ನಗು ತಡೆದುಕೊಂಡೆ. ಆರ್ಲನ್ನರು ನಗಲಿಲ್ಲ, ಯೋಚಿಸಿ, ಎರಡೂ ಕೈಯಿಂದ ಗಾಳಿಯಲ್ಲಿ ಆಕಾರ ತೋರಿಸುತ್ತ ಹೇಳಿದರು. "ಬುಡದ ಮಣ್ಣಲ್ಲಿ ಒಂದು ಪುಟ್ಟ ಯಂತ್ರ ಹೂತಿಡ್ತಾರಂತೆ, ಇಷ್ಟುದ್ದ. ಮಣ್ಣು ಅಲ್ಲಿವರೆಗೂ ಕೊಚ್ಚಿಹೋದ್ರೆ ಅದು ತೇಲಿ ಮೇಲೆ ಬಂದು ಸುದ್ದಿ ಕಳಿಸುತ್ತಂತೆ. ನೀರು ಇಳಿಯೋವರೆಗೂ ಕಾಯೋದು ಬೇಡ. ನನಗೆ ಇದು ಗೊತ್ತಿರಲಿಲ್ಲ."

"ಅದು ಎಲ್ಲಿಗೆ ಬೇಕಾಗುತ್ತೆ?"

"ಮಿಲ್ ಕ್ರೀಕಿಗೆ," ಎಂದರು ಅವರು. ತಮ್ಮದೇ ನಕ್ಷೆಯಲ್ಲಿ ಅದಕ್ಕೊಂದು ಜಾಗ ಆಗ ಅವರ ಕಣ್ಣಿಗೆ ಬಿದ್ದಿತ್ತೆಂದು ಕಾಣುತ್ತದೆ. "ಮಕ್ಕಳು ಓಡಾಡೋ ಸೇತುವೆ ಮೇಡಂ."

"ಜಾಣ," ಎಂದು ಲಾವೋನ್ ಅವರ ಮಂಡಿ ತಟ್ಟಿದರು. "ಚೆನ್ನಾಗಿ ಕಲಿತಿದ್ದೀಯ."

ಆರ್ಲನ್ನರು ಕನ್ನಡಕ ತೆಗೆದು ಕಿಟಕಿಯ ಕಡೆ ತಿರುಗಿಕೊಂಡರು. ಅವರು ಅಳುತ್ತಿದ್ದರು, ನನಗೂ ರಸ್ತೆ ಮಸುಕಾಗಿತ್ತು. ಪರವಾನಗಿ ಕೈಗೆ ಬಂದಂದಿನಿಂದ ಎಷ್ಟೋ ಸಲ ಅದನ್ನು ಹೊಸದಾಗಿಸಿಕೊಂಡಿದ್ದರು. ಎಷ್ಟು ಗಂಟೆಯಾಯಿತೆಂದು ಮಂಡಳಿ ಕೇಳಿತ್ತು, ಎಷ್ಟು ಗಂಟೆಯಾಯಿತೆಂದು ನಾವೂ ಕೇಳಿದ್ದೆವು. ಏನು ಕಲಿತೆ ಎಂದು ಅವರನ್ನು ಕೇಳಿದವರು ಆ ದಿನದವರೆಗೆ ಒಬ್ಬರೂ ಇರಲಿಲ್ಲ.

ಮುದ್ರೆ ಉಳಿಯಿತು. ಜನವರಿಯಲ್ಲಿ ನಕ್ಷೆಯ ಹಾಳೆಗೆ ಆ ಪುಟ್ಟ ಯಂತ್ರವನ್ನು ನಾನೇ ಸೇರಿಸಿ ಬಿಡಿಸಿದೆ, ಅವರು ಮುದ್ರೆ ಒತ್ತಿದರು. ಮಕ್ಕಳು ಈಗ ಮಿಲ್ ಕ್ರೀಕನ್ನು ಬಸ್ಸಿನಲ್ಲಿ ಕೂತೇ, ಕಿಟಕಿಗೆ ಮೂಗು ಒತ್ತಿಕೊಂಡು, ಗಲಾಟೆ ಮಾಡುತ್ತ ದಾಟುತ್ತಾರೆ. ಲಾವೋನ್ ಮರುವರ್ಷ ತೀರಿಕೊಂಡರು. ಆಮೇಲೆ ಆರ್ಲನ್ನರಿಗೆ ರಾತ್ರಿಯೆಲ್ಲ ನಿದ್ದೆ ಮಾಡುವ ಅವಕಾಶವಿತ್ತು, ನಿದ್ದೆ ಬರುತ್ತಿರಲಿಲ್ಲವಂತೆ. ಮುದ್ರೆಯನ್ನು ಜೋಲೀನಳ ಮೇಜಿನ ಮೇಲಿಟ್ಟು ಮನೆಯಲ್ಲುಳಿದರು. ನಾನು ನೋಡಲು ಹೋದಾಗಲೆಲ್ಲ ಕಚೇರಿಯ ಸುದ್ದಿ ಕೇಳುವ ಮೊದಲು ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಅದೂ ಮೇಡಮ್ಮರ ದನಿಯಲ್ಲೇ.

ಇಂಥವರನ್ನು ಹಟಮಾರಿಗಳೆಂದು ನಾವು ನಗುತ್ತೇವೆ, ಅವರಿಂದ ಕೆಲಸ ತಡವಾದರೆ ರೇಗುತ್ತೇವೆ, ಅವರು ಸತ್ಯವಂತರೆಂದು ಗೊತ್ತಾದ ಮೇಲೆ ಹೊಗಳಿ ದೂರ ಇಡುತ್ತೇವೆ. ಯಾರೂ ನೋಡದಿದ್ದರೂ ತಮ್ಮ ಲೆಕ್ಕವನ್ನು ತಾವೇ ಕಳೆದು ಕೂಡಿ ಇಟ್ಟುಕೊಳ್ಳುವ ಈ ಜನಕ್ಕೆ ಯಾರ ಹಂಗೂ ಬೇಡವೆಂದು ನಾನೂ ಬಹುಕಾಲ ನಂಬಿದ್ದೆ. ಬೇಕಾಗಿತ್ತು. ಮುಪ್ಪಿನಲ್ಲೂ ಅವರೊಳಗೆ ಪಾಠ ಒಪ್ಪಿಸಲು ಎದ್ದು ನಿಂತ ಒಂದು ಮಗು ಇರುತ್ತದೆ, ಯಾರಾದರೂ ತನ್ನನ್ನು ಕೇಳಲಿ ಎಂದು ಕಾಯುತ್ತಿರುತ್ತದೆ. ನಾವು ಕೇಳುವುದೇ ಇಲ್ಲ.